ಅಪ್ಪ-ಅಮ್ಮನ ಕೈಗೊಂದು ಕಾರ್ಡು ಕೊಡಿ

ಜೂನ್ ರಜೆಯೋ ಡಿಸೆಂಬರ್ ರಜೆಯೋ ಬಂತೆಂದರೆ ಸಿಂಗಪುರದ ಕನ್ನಡ ಮನೆಗಳಲ್ಲಿ ಊರಿಂದ ಅಪ್ಪ-ಅಮ್ಮ, ಅತ್ತೆ-ಮಾವ ಬರುವ ಸಡಗರ. ಎಷ್ಟೋ ಜನರಿಗೆ ಅದೇ ಮೊದಲ ವಿದೇಶ ಪ್ರಯಾಣ. ಮಕ್ಕಳು ಪ್ರೀತಿಯಿಂದ ಜಾಗಗಳ ಪಟ್ಟಿ ಮಾಡಿಟ್ಟು, ಮನೆ ಬಾಗಿಲಿಂದ ಟ್ಯಾಕ್ಸಿಯಲ್ಲಿ ಕೂರಿಸಿಕೊಂಡು ಹೋಗಿ ಎಲ್ಲವನ್ನೂ ತೋರಿಸುತ್ತಾರೆ. ಸೋಮವಾರ ಮಗ-ಸೊಸೆ ಕೆಲಸಕ್ಕೆ ಹೊರಟ ಮೇಲೆ ಹಿರಿಯರಿಗೆ ಉಳಿಯುವುದು ಹನ್ನೆರಡನೇ ಮಹಡಿಯ ಕಿಟಕಿ ಮಾತ್ರ. ವಯಸ್ಸಾದವರು ಒಬ್ಬರೇ ನಿಶ್ಚಿಂತೆಯಿಂದ ಓಡಾಡಬಹುದಾದ ಊರಿನಲ್ಲಿ ಹೀಗಾಗಬಾರದು. ಮೊದಲ ಮೂರು ದಿನ ಪಟ್ಟಿಯನ್ನು ಪಕ್ಕಕ್ಕಿಟ್ಟು, ಕೈಗೊಂದು ರೈಲು-ಬಸ್ಸಿನ ಕಾರ್ಡು ಕೊಟ್ಟು, ಊರಲ್ಲಿ ಓಡಾಡುವುದನ್ನು ಕಲಿಸಿ ಎಂಬುದು ಈ ಸಂಚಿಕೆಯಲ್ಲಿ ನಮ್ಮ ಮನವಿ.

ಹೊರಡುವ ಮುಂಚಿನ ಕೆಲಸ ಸ್ವಲ್ಪವೇ. ಭಾರತದ ಪಾಸ್‌ಪೋರ್ಟಿಗೆ ವೀಸಾ ಬೇಕು. ಅದು ಕೈಗೆ ಬಂದ ಮೇಲೂ ಎಸ್‌ಜಿ ಅರೈವಲ್ ಕಾರ್ಡ್ ಎಂಬ ಇನ್ನೊಂದು ಅರ್ಜಿಯಿದೆ. ಇಳಿಯುವ ಮುಂಚೆಯೇ, ಆ ದಿನವೂ ಸೇರಿ ಮೂರು ದಿನಗಳೊಳಗೆ ವಲಸೆ ಇಲಾಖೆಯ ಜಾಲತಾಣದಲ್ಲಿ ತುಂಬಬೇಕು. ಇದು ಉಚಿತ. ದುಡ್ಡು ಕೇಳುವ ತಾಣ ಸಿಕ್ಕಿದರೆ ಅದು ಇಲಾಖೆಯದಲ್ಲ, ಮುಚ್ಚಿಬಿಡಿ.

ಪೆಟ್ಟಿಗೆಯ ವಿಷಯಕ್ಕೆ ಬಂದರೆ, ಅಮ್ಮಂದಿರಿಗೆ ಫೋನಿನಲ್ಲೇ ಹೇಳಬೇಕಾದದ್ದು ಗಸಗಸೆ. ಪಾಯಸಕ್ಕೆಂದು ಕಟ್ಟಿಕೊಂಡು ಬರುವ ಆ ಪೊಟ್ಟಣ ಇಲ್ಲಿ ನಿಷಿದ್ಧ. ಮಾದಕ ದ್ರವ್ಯ ತಡೆಯುವ ಇಲಾಖೆಯೇ ಅದನ್ನು ನೋಡಿಕೊಳ್ಳುತ್ತದೆ. ಬಿಸಿಬೇಳೆಬಾತ್ ಪುಡಿಗೆ ಗಸಗಸೆ ಹಾಕುವ ಮನೆಯಾದರೆ ಈ ಸಲ ಹಾಕದೆ ಮಾಡಲಿ. ಹೊಗೆಸೊಪ್ಪು, ಗುಟ್ಕಾ, ಚೂಯಿಂಗ್ ಗಮ್ ಕೂಡ ಬೇಡ. ಕೊಡೀನ್ ಇರುವ ಕೆಮ್ಮಿನ ಔಷಧಿ ಮತ್ತು ಕೆಲವು ನಿದ್ರೆ ಮಾತ್ರೆಗಳಿಗೆ ಮೊದಲೇ ಅನುಮತಿ ಪಡೆಯಬೇಕು. ಉಳಿದ ಮಾತ್ರೆಗಳ ಜೊತೆ ವೈದ್ಯರ ಚೀಟಿ ಇರಲಿ. ಪ್ರವಾಸಿಗಳಿಗೆ ಇಲ್ಲಿನ ಆಸ್ಪತ್ರೆಯಲ್ಲಿ ಸರ್ಕಾರದ ರಿಯಾಯಿತಿ ಇಲ್ಲ, ಆದ್ದರಿಂದ ಪ್ರಯಾಣ ವಿಮೆ ಇಲ್ಲದೆ ಯಾರನ್ನೂ ಕರೆಸಬೇಡಿ. ಇಲ್ಲಿನ ಪ್ಲಗ್ಗಿಗೆ ಮೂರು ಚಪ್ಪಟೆ ಕಡ್ಡಿ, ಊರಿನ ಚಾರ್ಜರ್ ಕೂರುವುದಿಲ್ಲ.

ಬಂದವರನ್ನು ಮೊದಲು ಕಾಡುವುದು ಗಡಿಯಾರ. ಇಲ್ಲಿನ ಸಮಯ ಎರಡೂವರೆ ಗಂಟೆ ಮುಂದೆ. ಊರಲ್ಲಿ ಆರಕ್ಕೆ ಏಳುವವರಿಗೆ ಇಲ್ಲಿ ಎಚ್ಚರವಾಗುವಾಗ ಎಂಟೂವರೆ. ಸ್ನಾನ, ಪೂಜೆ, ತಿಂಡಿ ಮುಗಿಸಿ ಹೊರಗೆ ಕಾಲಿಡುವಷ್ಟರಲ್ಲಿ ಹತ್ತೂವರೆ, ಅಂದರೆ ತಂಪಾದ ಹೊತ್ತು ಕಳೆದೇ ಹೋಗಿರುತ್ತದೆ. ಸಮಭಾಜಕದಿಂದ ಒಂದು ಡಿಗ್ರಿ ಚಿಲ್ಲರೆ ಉತ್ತರಕ್ಕಿರುವ ಊರಿದು. ವರ್ಷವಿಡೀ ಸೂರ್ಯ ಹುಟ್ಟುವುದು ಏಳರ ಆಸುಪಾಸು, ಮುಳುಗುವುದೂ ಏಳರ ಆಸುಪಾಸು. ಮಧ್ಯಾಹ್ನ 31-32 ಡಿಗ್ರಿ ಎಂದರೆ ರಾಯಚೂರಿನವರು ನಕ್ಕಾರು. ಆದರೆ ಗಾಳಿಯ ತೇವದಿಂದ ಬೆವರು ಆರುವುದಿಲ್ಲ, ಮೈ ತಣಿಯುವುದಿಲ್ಲ, ಬೇಗ ದಣಿವಾಗುತ್ತದೆ. ಹನ್ನೊಂದರಿಂದ ನಾಲ್ಕರವರೆಗೆ ಒಳಗಿರಲಿ, ಓಡಾಟವೆಲ್ಲ ಬೆಳಗ್ಗೆ ಮತ್ತು ಸಂಜೆಗೆ. ನಲ್ಲಿ ನೀರನ್ನು ಹಾಗೇ ಕುಡಿಯಬಹುದು, ಬಾಟಲಿಯೊಂದು ಕೈಯಲ್ಲಿದ್ದರೆ ಸಾಕು. ಮಾಲ್ ಮತ್ತು ರೈಲಿನ ಚಳಿಗೆ ತೆಳ್ಳನೆ ಶಾಲು, ಹೇಳದೆ ಕೇಳದೆ ಸುರಿಯುವ ಮಳೆಗೆ ಕೊಡೆ, ಒದ್ದೆ ಟೈಲ್ಸಿನ ಮೇಲೆ ಜಾರದ ಚಪ್ಪಲಿ ಇರಲಿ.

ಇನ್ನು ಕಾರ್ಡಿನ ವಿಷಯ. ಎಂಆರ್‌ಟಿ ರೈಲಿಗೂ ಬಸ್ಸಿಗೂ ಒಂದೇ ಕಾರ್ಡು, ಆದರೆ ತಲೆಗೊಂದು ಬೇಕು. ಒಂದೇ ಕಾರ್ಡನ್ನು ಇಬ್ಬರಿಗಾಗಿ ಯಂತ್ರಕ್ಕೆ ಒತ್ತಲಾಗದು. ವಿದೇಶಿ ಬ್ಯಾಂಕ್ ಕಾರ್ಡೂ ನಡೆಯುತ್ತದೆ, ಬಳಸಿದ ದಿನಕ್ಕೆ 60 ಸೆಂಟ್ ಹೆಚ್ಚುವರಿ ಬೀಳುತ್ತದೆ. ತಿಂಗಳು ಇರುವವರಿಗೆ ದುಡ್ಡು ತುಂಬಿಸಿಕೊಳ್ಳುವ ಇಲ್ಲಿನದೇ ಕಾರ್ಡು ವಾಸಿ. ಹಿರಿಯರ ರಿಯಾಯಿತಿ ಇಲ್ಲಿನ ಪ್ರಜೆಗಳಿಗೆ, ಕಾಯಂ ನಿವಾಸಿಗಳಿಗೆ ಮಾತ್ರ.

ರೈಲು ಕಲಿಸುವಾಗ ನಿಲ್ದಾಣದ ಹೆಸರಿಗಿಂತ ಅದರ ಸಂಖ್ಯೆ ಹೇಳಿಕೊಡಿ. ನೇರಳೆ ಬಣ್ಣದ ಸಾಲಿನಲ್ಲಿ ಚೈನಾಟೌನ್ ಎನ್‌ಇ 4, ಲಿಟಲ್ ಇಂಡಿಯಾ ಎನ್‌ಇ 7. ಮಧ್ಯೆ ಕ್ಲಾರ್ಕ್ ಕೀ 5, ಧೋಬಿ ಘಾಟ್ 6. ಹತ್ತಿದ ಮೇಲೆ ಮುಂದಿನ ನಿಲ್ದಾಣ 5 ಎಂದು ಬಂದರೆ ದಿಕ್ಕು ಸರಿ. 3 ಎಂದು ಬಂದರೆ ತಿರುವುಮುರುವು, ಇಳಿದು ಎದುರಿನ ಪ್ಲಾಟ್‌ಫಾರ್ಮಿಗೆ ಹೋದರಾಯಿತು. ಹೀಗೆ ಎಣಿಸುವುದು ಒಮ್ಮೆ ಗೊತ್ತಾದರೆ ಹೆಸರುಗಳ ಉಚ್ಚಾರಣೆಯ ಭಯ ಹೋಗುತ್ತದೆ. ಜನ ಹೆಚ್ಚಾಗಿ ದಾರಿ ತಪ್ಪುವುದು ರೈಲಿನಲ್ಲಲ್ಲ, ಹೊರಬರುವಾಗ. ದೊಡ್ಡ ನಿಲ್ದಾಣದಲ್ಲಿ ತಪ್ಪು ದ್ವಾರದಿಂದ ಬಂದರೆ ರಸ್ತೆಯ ಆ ಕಡೆಗೋ ಇನ್ನೊಂದು ರಸ್ತೆಗೋ ಬಂದಿರುತ್ತೀರಿ. ಆದ್ದರಿಂದ "ಸ್ಟೇಷನ್ ಹತ್ತಿರ ಸಿಗೋಣ" ಎನ್ನದೆ ದ್ವಾರದ ಅಕ್ಷರ ಹೇಳಿ. ಎಸ್ಕಲೇಟರಿನಲ್ಲಿ ಎಡಕ್ಕೆ ನಿಲ್ಲಬೇಕು. ರೈಲಿನೊಳಗೆ ನೀರನ್ನೂ ಕುಡಿಯುವಂತಿಲ್ಲ, ದಂಡ 500 ಡಾಲರ್‌ವರೆಗೆ ಇದೆ.

ಬಸ್ಸಿನಲ್ಲಿ ಎರಡು ತಪ್ಪು ಸಾಮಾನ್ಯ. ಕೈ ತೋರಿಸದೆ ಸುಮ್ಮನೆ ನಿಂತರೆ ಬಸ್ಸು ಮುಂದೆ ಹೋಗಿಬಿಡಬಹುದು. ಇಳಿಯುವಾಗ ಕಾರ್ಡು ಒತ್ತಲು ಮರೆತರೆ ಕೊನೆಯ ನಿಲ್ದಾಣದವರೆಗಿನ ದುಡ್ಡು ಕಳೆಯುತ್ತದೆ.

ಮನೆ ವಿಳಾಸ ಬರೆದುಕೊಡುವಾಗ ಆರಂಕಿಯ ಅಂಚೆ ಸಂಖ್ಯೆ ಮರೆಯಬೇಡಿ. ಇಲ್ಲಿ ಕಟ್ಟಡಕ್ಕೊಂದು ಸಂಖ್ಯೆ. ಎಚ್‌ಡಿಬಿ ಬ್ಲಾಕುಗಳೆಲ್ಲ, ಅಂದರೆ ಸರ್ಕಾರ ಕಟ್ಟಿಸಿದ ವಸತಿ ಕಟ್ಟಡಗಳು, ನೋಡಲು ಒಂದೇ ಥರ, ಸಂಜೆ ವಾಕಿಂಗ್ ಹೋದವರು ಪಕ್ಕದ ಬ್ಲಾಕಿನ ಲಿಫ್ಟ್ ಹತ್ತಿಬಿಡುತ್ತಾರೆ. ಆ ಆರಂಕಿ ತೋರಿಸಿದರೆ ಯಾವ ಟ್ಯಾಕ್ಸಿಯವರೂ ಬಾಗಿಲಿಗೇ ತಂದು ಬಿಡುತ್ತಾರೆ.

ಊಟದಲ್ಲಿ ಸಸ್ಯಾಹಾರಿಗಳಿಗೆ ಮೋಸವಾಗುವುದು ಕಣ್ಣಿಗೆ ಕಾಣದ ಸಾಮಾನುಗಳಿಂದ. ಸೊಪ್ಪಿನ ಪಲ್ಯಕ್ಕೆ ಬೆಲಚಾನ್ ಎಂಬ ಹುದುಗಿಸಿದ ಸೀಗಡಿಯ ಗೊಜ್ಜು ಬಿದ್ದಿರಬಹುದು, ಹಣ್ಣು-ತರಕಾರಿಯ ರೋಜಾಕಿನ ಗೊಜ್ಜಿನಲ್ಲೂ ಸೀಗಡಿಯಿರುತ್ತದೆ. ಹಳದಿ ನೂಡಲ್ಸಿಗೆ ಮೊಟ್ಟೆ ಬಿದ್ದಿರಬಹುದು, ಕಾಯಾ ಟೋಸ್ಟಿನ ಜಾಮಿಗಂತೂ ಮೊಟ್ಟೆ ಹಾಕುತ್ತಾರೆ. ಪರಾಟದ ಜೊತೆ ಕೊಡುವ ಸಾರು ಮೀನಿನದಿರಬಹುದು, "ದಾಲ್" ಎಂದು ಕೇಳಿ ಹಾಕಿಸಿಕೊಳ್ಳಿ. ಸಣ್ಣ ಊಟದಂಗಡಿಗಳೆಲ್ಲ ಒಂದೇ ಕಡೆ ಇರುವ ಹಾಕರ್ ಸೆಂಟರಿನಲ್ಲಿ "ವೆಜಿಟೇರಿಯನ್" ಎಂದು ಬೋರ್ಡು ಹಾಕಿದ ಚೀನೀ ಅಂಗಡಿ ಹುಡುಕುವುದೇ ಸುರಕ್ಷಿತ. ಅಲ್ಲಿ ಮಾಂಸದಂತೆ ಕಾಣುವುದು ಸೋಯಾ ಮತ್ತು ಗೋಧಿಯ ಅಂಟಿನಿಂದ ಮಾಡಿದ್ದು ಎಂದು ಅಮ್ಮನಿಗೆ ಮೊದಲೇ ಹೇಳಿಡಿ, ಇಲ್ಲದಿದ್ದರೆ ತಟ್ಟೆ ಮುಟ್ಟುವುದಿಲ್ಲ. ಮೇಜಿನ ಮೇಲೆ ಟಿಶ್ಯೂ ಪೊಟ್ಟಣ ಇದ್ದರೆ ಜಾಗ ಯಾರೋ ಹಿಡಿದಿದ್ದಾರೆ ಎಂದರ್ಥ. ಉಂಡ ತಟ್ಟೆಯನ್ನು ನಾವೇ ಎತ್ತಿ ಇಡಬೇಕು, 2021ರಿಂದ ಅದು ಕಾನೂನು.

ಕಾಫಿ ಇಲ್ಲದೆ ನಮ್ಮವರ ಬೆಳಗು ಆಗುವುದಿಲ್ಲ, ಹಾಗಾಗಿ ನಾಲ್ಕು ಮಾತು ಕಲಿಸಿ. ಉದ್ದನೆ ಬಟ್ಟೆ ಚೀಲದಲ್ಲಿ ಸೋಸಿದ ಗಟ್ಟಿ ಡಿಕಾಕ್ಷನ್ನಿಗೆ ಸಿಹಿ ಕಂಡೆನ್ಸ್ಡ್ ಹಾಲು ಬಿದ್ದರೆ "ಕೋಪಿ". ಹಾಲಿಲ್ಲದೆ ಸಕ್ಕರೆ ಮಾತ್ರವಾದರೆ "ಕೋಪಿ ಓ". ಸಿಹಿಯಿಲ್ಲದ ಗಟ್ಟಿ ಹಾಲು ಮತ್ತು ಸಕ್ಕರೆಯಾದರೆ "ಕೋಪಿ ಸಿ", ನಮ್ಮ ರುಚಿಗೆ ಹತ್ತಿರದ್ದು ಇದೇ. ಸಕ್ಕರೆ ಕಡಿಮೆ ಬೇಕಾದರೆ "ಸಿಯು ದಾಯ್", ಬೇಡವೇ ಬೇಡವೆಂದರೆ "ಕೊಸೊಂಗ್". ಸಕ್ಕರೆ ಕಾಯಿಲೆ ಇರುವ ಅಪ್ಪನಿಗೆ "ಕೋಪಿ ಸಿ ಕೊಸೊಂಗ್" ಎಂಬ ಮೂರು ಪದ ಬಾಯಿಪಾಠವಾಗಲಿ. ಬರೀ "ಕೋಪಿ" ಎಂದರೆ ಹಾಲಿನ ಜೊತೆಗೇ ಸಿಹಿ ಬಂದುಬಿಡುತ್ತದೆ. ಮಾರುವವರನ್ನು ಅಂಕಲ್, ಆಂಟಿ ಎಂದು ಕರೆದರೆ ಸರಿಹೋಗುತ್ತದೆ.

ಚೈನಾಟೌನ್, ಲಿಟಲ್ ಇಂಡಿಯಾ ಎಂದು ಬೇರೆಬೇರೆಯಾಗಿ ತೋರಿಸಿದರೆ ಜನ ಗೋಡೆ ಕಟ್ಟಿಕೊಂಡು ಬದುಕುತ್ತಾರೇನೋ ಅನ್ನಿಸೀತು. ನಿಜ ತಿಳಿಯಬೇಕಾದರೆ ಸಂಜೆ ನಿಮ್ಮದೇ ಬ್ಲಾಕಿನ ಕೆಳಗಿನ ತೆರೆದ ಜಾಗದಲ್ಲಿ ಕೂರಿಸಿ. 1989ರಿಂದ ಎಚ್‌ಡಿಬಿ ಬ್ಲಾಕುಗಳಲ್ಲಿ ಚೀನೀ, ಮಲಯ, ಭಾರತೀಯ ಕುಟುಂಬಗಳ ಪಾಲಿಗೆ ಮಿತಿ ಇದೆ, ಒಂದೇ ಜನಾಂಗದ ಬ್ಲಾಕು ಆಗದಿರಲಿ ಎಂದು. ಒಂದು ವಾರ ಮಲಯ ಮದುವೆಯ ಊಟ ನಡೆದ ಜಾಗದಲ್ಲೇ ಮುಂದಿನ ವಾರ ಚೀನೀ ಮನೆಯ ಸಾವಿನ ಕಾರ್ಯಕ್ಕೆ ಡೇರೆ ಹಾಕಿರುತ್ತಾರೆ. ಚೀನೀ ಪಂಚಾಂಗದ ಏಳನೇ ತಿಂಗಳಲ್ಲಿ ಹುಲ್ಲಿನ ಅಂಚಿನಲ್ಲಿ ಹಣ್ಣು, ಊದುಬತ್ತಿ, ಸುಟ್ಟ ಕಾಗದ ಕಂಡರೆ ತುಳಿಯದೆ ಸುತ್ತಿ ಹೋಗಬೇಕು. ಅದು ಅವರ ಪಿತೃಗಳಿಗೆ ಇಟ್ಟದ್ದು. ಪಕ್ಷಮಾಸ ಬಲ್ಲ ನಮ್ಮ ಹಿರಿಯರಿಗೆ ಇಷ್ಟು ಹೇಳಿದರೆ ಸಾಕು.

ನಾಲ್ಕನೇ ದಿನ ಅವರನ್ನು ತಾವಾಗಿಯೇ ವಾಟರ್‌ಲೂ ಸ್ಟ್ರೀಟಿಗೆ ಕಳಿಸಿ ನೋಡಿ. ಬುಗಿಸ್ ನಿಲ್ದಾಣದಲ್ಲಿ ಇಳಿದು ಕೆಲವೇ ನಿಮಿಷ ನಡೆದರೆ ಕ್ವಾನ್ ಇಮ್ ದೇವಿಯ ಚೀನೀ ಗುಡಿ, ಪಕ್ಕದಲ್ಲೇ ಶ್ರೀ ಕೃಷ್ಣನ ಗುಡಿ. ದೇವಿಗೆ ಕೈಮುಗಿದು ಬಂದ ಚೀನೀ ಅಜ್ಜಿಯರು ಕೃಷ್ಣನ ಬಾಗಿಲ ಮುಂದೆಯೂ ಊದುಕಡ್ಡಿ ಹಚ್ಚಿ ಕಣ್ಣುಮುಚ್ಚಿ ನಿಲ್ಲುತ್ತಾರೆ. ಮಧ್ಯಾಹ್ನ ಕೃಷ್ಣನ ಗುಡಿಯ ಬಾಗಿಲು ಮುಚ್ಚಿರುತ್ತದೆ, ಬೆಳಗ್ಗೆ ಹತ್ತರೊಳಗೆ ಮನೆ ಬಿಡಲಿ. ಕಾರ್ಡಿನಲ್ಲಿ ದುಡ್ಡಿದೆಯೇ ಎಂದು ಹಿಂದಿನ ರಾತ್ರಿಯೇ ನೋಡಿಡಿ.