ಕಾರ್ಗಿ ಮರಿ ಕೊಳ್ಳುವ ಮುನ್ನ

ಮಾನ್ಯ ಸಂಪಾದಕರೇ,

ಬೆಂಗಳೂರು, ಮೈಸೂರಿನಂಥ ನಗರಗಳ ಅಪಾರ್ಟ್‌ಮೆಂಟುಗಳಲ್ಲಿ ಪೆಂಬ್ರೋಕ್ ವೆಲ್ಷ್ ಕಾರ್ಗಿ ನಾಯಿಗಳು ಈಚೆಗೆ ಕಾಣಸಿಗುತ್ತಿವೆ. ಗಿಡ್ಡ ಕಾಲು, ನೆಟ್ಟಗಿನ ಕಿವಿ, ಸದಾ ನಗುವಂತೆ ತೋರುವ ಮುಖವನ್ನು ಮೊಬೈಲಿನಲ್ಲಿ ನೋಡಿದ ಮಕ್ಕಳು ಹಟ ಹಿಡಿಯುತ್ತಾರೆ. ಚಿಕ್ಕ ನಾಯಿ, ಚಿಕ್ಕ ಮನೆಗೆ ಸರಿಹೋಗುತ್ತದೆಂದು ತಂದೆ ತಾಯಿ ಒಪ್ಪಿಬಿಡುತ್ತಾರೆ. ನಿವೃತ್ತ ಪಶುವೈದ್ಯನಾದ ನನಗೆ ಆತಂಕವಿರುವುದು ಈ ಎಣಿಕೆಯ ಬಗ್ಗೆಯೇ.

ಕಾರ್ಗಿಯ ಎತ್ತರ ಒಂದು ಅಡಿಯಷ್ಟೇ ಆದರೂ ಅದು ಮಡಿಲಲ್ಲಿ ಕೂರಿಸಿಕೊಳ್ಳಲೆಂದು ಬೆಳೆಸಿದ ತಳಿಯಲ್ಲ. ಬ್ರಿಟನ್ನಿನ ವೇಲ್ಸ್ ಸೀಮೆಯ ರೈತರು ದನ ಅಟ್ಟಲು ಅದನ್ನು ಸಾಕುತ್ತಿದ್ದರು. ದನದ ಹಿಂಗಾಲಿಗೆ ಬಾಯಿ ಹಾಕಿ, ಅದು ಒದೆಯುವಷ್ಟರಲ್ಲಿ ತಗ್ಗಿ ತಪ್ಪಿಸಿಕೊಳ್ಳುವುದಕ್ಕೆ ಆ ಗಿಡ್ಡ ಕಾಲುಗಳು ನೆರವಾಗುತ್ತಿದ್ದವು. ಎರಡನೇ ಎಲಿಜಬೆತ್ ರಾಣಿಯ ತಂದೆ 1933ರಲ್ಲಿ ಒಂದು ಮರಿ ತಂದ ಮೇಲೆ ಅರಮನೆಯ ನಾಯಿಯೆಂಬ ಹೆಸರು ಬಂತಾದರೂ ಹುಟ್ಟುಗುಣ ಹೋಗಲಿಲ್ಲ. ಮನೆಯಲ್ಲಿ ಮಕ್ಕಳು ಓಡಿದರೆ ಅವರ ಹಿಮ್ಮಡಿಗೂ ಅದು ಬಾಯಿ ಹಾಕಬಹುದು. ಅದನ್ನು ಕ್ರೌರ್ಯವೆಂದು ತಿಳಿದು ಹೊಡೆಯುವುದು ದೊಡ್ಡ ಅನ್ಯಾಯ. ಆ ಕ್ಷಣ ಮಗು ಓಡದೆ ನಿಲ್ಲುವುದನ್ನೂ, ನಾಯಿ ಆಟಿಕೆ ಕಚ್ಚುವುದನ್ನೂ ಮೊದಲ ತಿಂಗಳುಗಳಲ್ಲೇ ಕಲಿಸಬೇಕು. ತೀರ ಎಳೆಯ ಮಕ್ಕಳೊಂದಿಗೆ ನಾಯಿಯನ್ನಷ್ಟೇ ಬಿಟ್ಟುಹೋಗಬಾರದು. ಹಾವೇರಿ, ಚಿತ್ರದುರ್ಗದ ಕಡೆ ಕುರಿಮಂದೆಯ ಜೊತೆ ದಿನವಿಡೀ ನಡೆಯುವ ನಾಯಿಗಳನ್ನು ಕಂಡವರಿಗೆ, ಇಂಥ ಪ್ರಾಣಿಯನ್ನು ಬಾಲ್ಕನಿಯಲ್ಲಿ ಕಟ್ಟಿಹಾಕಿದರೆ ಅದು ಬೊಗಳುವುದೇಕೆಂದು ವಿವರಿಸಬೇಕಾಗಿಲ್ಲ. ಬೆಳಿಗ್ಗೆ, ಸಂಜೆ ಎರಡೂ ಹೊತ್ತು ನಡೆಸಲು ಮನೆಯಲ್ಲಿ ಯಾರಿಗೂ ಬಿಡುವಿಲ್ಲವೆಂದಾದರೆ ಈ ತಳಿ ಬೇಡ.

ಎಲ್ಲಕ್ಕಿಂತ ಹೆಚ್ಚು ಕಾಪಾಡಬೇಕಾದದ್ದು ಅದರ ಬೆನ್ನು. ಕಾಲನ್ನು ಗಿಡ್ಡಗೊಳಿಸಿದ ಆನುವಂಶಿಕ ಬದಲಾವಣೆಗೂ ಬೆನ್ನುಮೂಳೆಯ ಡಿಸ್ಕುಗಳು ಚಿಕ್ಕ ವಯಸ್ಸಿನಲ್ಲೇ ಗಟ್ಟಿಯಾಗಿ ಜಾರುವುದಕ್ಕೂ ನಂಟಿದೆ. ನಮ್ಮ ಮನೆಗಳ ನುಣುಪಾದ ಗ್ರಾನೈಟ್ ನೆಲ, ಸೋಫಾದಿಂದ ಜಿಗಿತ, ದಿನಕ್ಕೆ ಹತ್ತಾರು ಬಾರಿ ಮೆಟ್ಟಿಲು, ಇವೆಲ್ಲ ಆ ಬೆನ್ನಿಗೆ ಭಾರವೇ. ನಾಯಿ ಓಡಾಡುವಲ್ಲಿ ಚಾಪೆ ಹಾಸಬೇಕು. ಎತ್ತುವಾಗ ಒಂದು ಕೈ ಎದೆಯಡಿ, ಇನ್ನೊಂದು ಹಿಂಭಾಗದಡಿ ಇರಬೇಕು. ಎತ್ತಿದಾಗ ಚೀರಿದರೆ, ಹಿಂಗಾಲು ತೂರಾಡಿದರೆ, ನಾಳೆ ನೋಡೋಣ ಎನ್ನದೆ ಅಂದೇ ವೈದ್ಯರಲ್ಲಿಗೆ ಒಯ್ಯಬೇಕು, ಏಕೆಂದರೆ ಬೆನ್ನುಹುರಿಯ ಮೇಲೆ ಒತ್ತಡ ಬಿದ್ದಾಗ ಗಂಟೆಗಳ ತಡವೂ ಕಾಲಿನ ಶಕ್ತಿಯನ್ನು ಶಾಶ್ವತವಾಗಿ ಕಸಿಯಬಹುದು. ತೂಕವೂ ಇದೇ ಮಾತಿನ ಭಾಗ. 10ರಿಂದ 12 ಕಿಲೋ ಇರಬೇಕಾದ ನಾಯಿಗೆ ಅಜ್ಜಿ ಒಂದು ತುತ್ತು ತುಪ್ಪದನ್ನ, ಮೊಮ್ಮಗಳು ನಾಲ್ಕು ಬಿಸ್ಕತ್ತು, ಹಬ್ಬದ ದಿನ ಹೋಳಿಗೆ ಎಂದು ಎಲ್ಲರೂ ಪ್ರೀತಿಯಿಂದಲೇ ಕೊಡುತ್ತಾರೆ. ಕೊಡುವವರು ಒಬ್ಬರೇ ಆಗಲಿ, ಅಳೆದು ಕೊಡಲಿ. ಪಕ್ಕೆಲುಬು ಕಣ್ಣಿಗೆ ಕಾಣದಿದ್ದರೂ ಕೈಗೆ ಸಿಗುತ್ತಿರಬೇಕು. ಈರುಳ್ಳಿ, ದ್ರಾಕ್ಷಿ, ಚಾಕೊಲೇಟ್ ಅದಕ್ಕೆ ವಿಷ.

ಮೈಮೇಲಿನ ಎರಡು ಪದರದ ಕೂದಲನ್ನು ಸೆಕೆಗೆಂದು ಬೋಳಿಸಬಾರದು, ಬಾಚಿದರೆ ಸಾಕು. ಕಲಬುರಗಿ, ರಾಯಚೂರಿನ ಬೇಸಿಗೆಗೆ ಈ ತಳಿಯನ್ನು ಒಯ್ಯುವುದು ನನಗೆ ಸರಿ ಕಾಣುವುದಿಲ್ಲ. ಇದೇ ಗಾತ್ರದ ಶೆಟ್‌ಲ್ಯಾಂಡ್ ಶೀಪ್‌ಡಾಗ್ ಎಂಬ, ಮಂದೆ ಅಟ್ಟುವ ಇನ್ನೊಂದು ತಳಿಯ ಬಗ್ಗೆಯೂ ಒಂದು ಎಚ್ಚರಿಕೆ: ಅವುಗಳಲ್ಲಿ ಕೆಲವಕ್ಕೆ ಆನುವಂಶಿಕ ದೋಷದಿಂದಾಗಿ ಕಜ್ಜಿಗೆ ಕೊಡುವ ಐವರ್‌ಮೆಕ್ಟಿನ್ ಪ್ರಾಣಾಂತಕವಾಗಬಲ್ಲದು. ಆದ್ದರಿಂದ ಔಷಧಿ ಅಂಗಡಿಯಲ್ಲಿ ಕೇಳಿ ತಂದು ಹಾಕುವ ರೂಢಿಯನ್ನು ಬಿಡಲೇಬೇಕು.

2017ರ ಕೇಂದ್ರ ನಿಯಮಗಳ ಪ್ರಕಾರ ನಾಯಿ ತಳಿ ಬೆಳೆಸಿ ಮಾರುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಿರಬೇಕು, ಎಂಟು ವಾರ ತುಂಬದ ಮರಿಯನ್ನು ಮಾರಕೂಡದು. ಕೊಳ್ಳುವವರು ನೋಂದಣಿ ಪತ್ರ ಕೇಳಬೇಕು, ಮರಿಯನ್ನು ತಾಯಿಯ ಜೊತೆಯಲ್ಲೇ ನೋಡಬೇಕು, ವಯಸ್ಸಾದಂತೆ ಹಿಂಗಾಲಿನ ಬಲ ಕುಂದಿಸುವ ಬೆನ್ನುಹುರಿ ರೋಗಕ್ಕೆ ತಂದೆ ತಾಯಿಗಳ ವಂಶವಾಹಿ ಪರೀಕ್ಷೆಯಾಗಿದೆಯೇ ಎಂದು ವಿಚಾರಿಸಬೇಕು. ಬಸ್ ನಿಲ್ದಾಣದಲ್ಲಿ ಮರಿ ಕೈಗಿಡುತ್ತೇನೆ ಎನ್ನುವವರಿಂದ ಕೊಳ್ಳಬೇಡಿ. ನೋಂದಾಯಿತ ತಳಿಗಾರರ ಪಟ್ಟಿಯನ್ನು ಪಶುಪಾಲನಾ ಇಲಾಖೆ ಪ್ರತಿ ತಾಲ್ಲೂಕು ಪಶು ಆಸ್ಪತ್ರೆಯ ಸೂಚನಾ ಫಲಕದಲ್ಲಿ ಕನ್ನಡದಲ್ಲಿ ಹಾಕಿಸಿದರೆ ಕೊಳ್ಳುವವರು ವಿಚಾರಿಸಲು ಒಂದು ದಾರಿಯಾದರೂ ಇರುತ್ತದೆ.

– ನಿವೃತ್ತ ಪಶುವೈದ್ಯ, ಮೈಸೂರು