ಗಜನಿ ತೂಬಿಗೆ ಸುರಿದ ಮಲಗುಂಡಿ ಕೆಸರು: ವಿಲೇವಾರಿ ರಸೀದಿ ಎಲ್ಲಿ?

ಗೆ,
ವ್ಯವಸ್ಥಾಪಕರು,
ಮಲಗುಂಡಿ ತೆರವು ಸೇವೆ,
ಕುಮಟಾ ತಾಲೂಕು, ಉತ್ತರ ಕನ್ನಡ

ವಿಷಯ: ನಮ್ಮ ವಸತಿ ಸಮುಚ್ಚಯದ ಮಲಗುಂಡಿಯಿಂದ ತೆಗೆದ ಕೆಸರನ್ನು ಅಘನಾಶಿನಿ ಹಿನ್ನೀರಿನ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿಗೆ ಬಿಟ್ಟಿರುವ ಬಗ್ಗೆ.

ಮಾನ್ಯರೇ,

ಫೋನಿನಲ್ಲಿ ಹೇಳುವಷ್ಟು ಹೇಳಿಯಾಯಿತು. ಇನ್ನು ಮಾತೆಲ್ಲ ಕಾಗದದ ಮೇಲೆ.

ನಿಮ್ಮ ಟ್ಯಾಂಕರ್ ನಮ್ಮಲ್ಲಿಂದ ಎಳೆದುಕೊಂಡ 5,000 ಲೀಟರ್ ಕೆಸರು ಸಂಸ್ಕರಣಾ ಘಟಕಕ್ಕೆ ಹೋಗಲಿಲ್ಲ. ಅಂದೇ ಸಂಜೆ ಇಳಿತದ ಹೊತ್ತಿಗೆ ಗಜನಿ (ಉಪ್ಪುನೀರಿನ ತಗ್ಗು ಗದ್ದೆ) ಕಟ್ಟೆಯ ತೂಬಿನ ಪಕ್ಕ ಪೈಪು ಬಿಚ್ಚಿ ಹಳ್ಳಕ್ಕೆ ಬಿಟ್ಟಿದ್ದೀರಿ. ಗಾಡಿಯ ನಂಬರ್ ಕಾಣುವ ಚಿತ್ರಗಳನ್ನು ಲಗತ್ತಿಸಿದ್ದೇವೆ. ಬಿಲ್ಲಿನಲ್ಲಿ 'ಸಾಗಾಟ ಮತ್ತು ವಿಲೇವಾರಿ' ಎಂದು ಬೇರೆಯೇ ಮೊತ್ತ ಹಾಕಿದ್ದಿರಿ, ಅದನ್ನೂ ಕಟ್ಟಿದ್ದೇವೆ.

ನಿಯಮ ನಿಮಗೆ ಹೊಸದಲ್ಲ. ಹರಿಯುವ ನೀರಿಗೂ ಬಾವಿಗೂ ಮಲಿನ ವಸ್ತು ಬಿಡಬಾರದೆಂದು 1974ರ ಜಲ ಕಾಯ್ದೆಯ 24ನೇ ಕಲಂ ಹೇಳುತ್ತದೆ. ಕಾಂಡ್ಲಾ ಬೆಳೆದ ಜಾಗ ಕರಾವಳಿ ನಿಯಂತ್ರಣ ವಲಯದ ನಿಯಮದಲ್ಲಿ ಸಿಆರ್‌ಝಡ್ 1ಎ, ಅಲ್ಲಿ ಸಂಸ್ಕರಿಸದ ತ್ಯಾಜ್ಯ ನಿಷಿದ್ಧ. 4,801 ಹೆಕ್ಟೇರಿನ ಅಘನಾಶಿನಿ ಅಳಿವೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದ್ದೂ ನಿಮಗೆ ಗೊತ್ತು. ಮಲಕೆಸರಿಗೆಂದೇ ಘಟಕ ಕಟ್ಟಿ ನಡೆಸಬಹುದೆಂದು ನಮ್ಮದೇ ರಾಜ್ಯದ ದೇವನಹಳ್ಳಿ 2015ರಲ್ಲೇ ತೋರಿಸಿದೆ. ದಾರಿ ಇಲ್ಲದೆ ಹೊಳೆಗೆ ಬಿಟ್ಟೆವು ಎನ್ನುವ ಮಾತು ನಡೆಯುವುದಿಲ್ಲ.

ರಸೀದಿ ಕೇಳಿದಾಗ ನಿಮ್ಮ ಮೇಲ್ವಿಚಾರಕರು ಆಡಿದ ಮಾತನ್ನು ಪೂರ್ತಿ ಬರೆಯುತ್ತೇವೆ, ಏಕೆಂದರೆ ಅದನ್ನೇ ಕಂಪನಿಯ ಉತ್ತರ ಎಂದುಕೊಳ್ಳಿ ಅಂದವರು ಅವರೇ. ಮೊದಲು, "ಯಾವ ರಸೀದಿ? ದುಡ್ಡಿನದ್ದು ಕೊಟ್ಟಾಯ್ತಲ್ಲ." ಕೆಸರು ಇಳಿಸಿಕೊಂಡ ಘಟಕದ್ದು ಎಂದೆವು. ಮನೆಯವರು, ಚಾಲಕ, ಘಟಕದವರು ಮೂವರೂ ಸಹಿ ಹಾಕುವ, ದಿನಾಂಕ, ಗಾಡಿ ನಂಬರ್, ಲೀಟರ್ ಲೆಕ್ಕ ಇರುವ ಕಾಗದ ಎಂದು ಬಿಡಿಸಿ ಹೇಳಿದೆವು. "ಅದು ಆಫೀಸಿನ ಕಾಗದ, ಗಿರಾಕಿಗೆ ಕೊಡೋದಲ್ಲ." ಹಾಗಾದರೆ ಯಾವ ಘಟಕ, ಎಷ್ಟು ಹೊತ್ತಿಗೆ ಇಳಿಸಿದಿರಿ ಎಂದರೆ ಫೋನನ್ನು ಮೇಜಿನ ಮೇಲಿಟ್ಟು ಇನ್ನೊಬ್ಬರ ಹತ್ತಿರ ಡೀಸೆಲ್ ಲೆಕ್ಕ ಮಾತಾಡಿದರು. ನಾವು ಕಾದೆವು. ಮತ್ತೆ ಎತ್ತಿಕೊಂಡು, "ಇನ್ನೂ ಇದ್ದೀರಾ?" ಅಂದರು. ಚಿತ್ರಗಳನ್ನು ಕಳಿಸಿದೆವು. ನೋಡಿದ ಮೇಲೆ, "ಇಳಿತ ಇತ್ತಲ್ಲ, ಎಲ್ಲ ಸಮುದ್ರಕ್ಕೆ ಹೋಯ್ತು ಬಿಡಿ." ಬೆಳಚು ಎಂಬ ಚಿಪ್ಪುಜೀವಿ ಆರಿಸುವವರು ಅದೇ ಕೆಸರಿನಲ್ಲಿ ಮೊಣಕಾಲುದ್ದ ಇಳಿಯುತ್ತಾರೆ ಎಂದಾಗ, "ಅವರ ಕೈಕಾಲಿಗೆ ಮೊದಲೇನು ಗಂಧ ಹಚ್ಚಿತ್ತಾ?" ಎಂದು ನಕ್ಕರು. ಪಕ್ಕದಲ್ಲಿದ್ದವರೂ ನಕ್ಕದ್ದು ಕೇಳಿಸಿತು. ಕೊನೆಗೆ, "ನಿಮ್ಮ ಗುಂಡಿ ಖಾಲಿ ಆಯ್ತಲ್ಲ? ಅದು ನಿಮ್ಮದೇ ಹೊಲಸು. ಅಷ್ಟು ಪ್ರೀತಿ ಇದ್ರೆ ವಾಪಸ್ ತಂದು ಸುರಿತೇವೆ."

ಹೌದು, ನಮ್ಮದೇ. ಅದಕ್ಕಾಗಿಯೇ ಅದು ಎಲ್ಲಿಗೆ ಹೋಯಿತೆಂದು ಕೇಳುತ್ತಿದ್ದೇವೆ, ಕೇಳುತ್ತಲೇ ಇರುತ್ತೇವೆ.

ಇಳಿತ ಎಲ್ಲವನ್ನೂ ಒಯ್ದುಬಿಡುತ್ತದೆ ಎಂಬುದು ತಪ್ಪು ಲೆಕ್ಕ. ಹಳ್ಳದ ಬುಡದಲ್ಲಿ ಇಳಿತದ ಹೊತ್ತಿಗೆ ನೀರು ಕಡಿಮೆ, ಸೆಳೆತವೂ ಕಡಿಮೆ. ಅಲ್ಲಿ ಸುರಿದದ್ದರಲ್ಲಿ ಹೆಚ್ಚಿನದು ಮಣ್ಣಿನ ಮೇಲೇ ಕೂರುತ್ತದೆ. ಉಪ್ಪುನೀರು ತಾಗಿದ ಕೂಡಲೇ ಸಣ್ಣ ಕಣಗಳು ಒಂದಕ್ಕೊಂದು ಅಂಟಿ, ಹೆಪ್ಪಾಗಿ ಇನ್ನೂ ಬೇಗ ತಳ ಸೇರುತ್ತವೆ. ಆರು ತಾಸಿನಲ್ಲಿ ಭರತ ಬಂದು ತೇಲುವುದನ್ನೆಲ್ಲ ಮೇಲಕ್ಕೆ, ಅಂದರೆ ಗಜನಿಯ ಕಡೆಗೇ ತಳ್ಳುತ್ತದೆ. ನೀರಿನಲ್ಲಿದ್ದ ಬ್ಯಾಕ್ಟೀರಿಯಾ ಬಿಸಿಲಿಗೆ ಬೇಗ ಸಾಯಬಹುದು, ಕೆಸರಿನೊಳಗೆ ಹೊಕ್ಕದ್ದು ಬಹಳ ಕಾಲ ಉಳಿಯುತ್ತದೆ. ಜಂತುಹುಳದ ಮೊಟ್ಟೆಗಳಂತೂ ತಿಂಗಳುಗಟ್ಟಲೆ ಬದುಕುತ್ತವೆ. ಉಪ್ಪುನೀರಿನ ಭತ್ತವಾದ ಕಗ್ಗ ಬಿತ್ತಲು ಜನ ಬರಿಗಾಲಲ್ಲಿ ಇಳಿಯುವುದು ಇದೇ ಗಜನಿಗೆ.

ಇನ್ನು ಆಮ್ಲಜನಕ. ಮನೆಯ ಚರಂಡಿ ನೀರಿನ ಬಿಒಡಿ (ಹೊಲಸು ಕೊಳೆಯುವಾಗ ನುಂಗುವ ಆಮ್ಲಜನಕ) ಲೀಟರಿಗೆ 200–300 ಮಿಲಿಗ್ರಾಂ ಆದರೆ, ವರ್ಷಗಟ್ಟಲೆ ಗುಂಡಿಯಲ್ಲಿ ಕೂತ ಕೆಸರಿನದ್ದು ಸಾವಿರಗಳಲ್ಲಿ ಇರುತ್ತದೆ. 5,000 ಮಿಲಿಗ್ರಾಂ ಎಂದು ಹಿಡಿಯಿರಿ. ನಿಮ್ಮ ಒಂದು ಟ್ಯಾಂಕರ್ 25 ಕಿಲೋ ಆಮ್ಲಜನಕ ನುಂಗುತ್ತದೆ. ಲೀಟರಿಗೆ 5 ಮಿಲಿಗ್ರಾಂ ಕರಗಿದ ಆಮ್ಲಜನಕವಿರುವ ನೀರಿನ ಲೆಕ್ಕದಲ್ಲಿ ಅದು 50 ಲಕ್ಷ ಲೀಟರ್ ನೀರಿನ ಪೂರ್ತಿ ಉಸಿರು. ಆ ಹಳ್ಳ ಸೀಗಡಿ ಮರಿಗಳ, ಏಡಿಗಳ, ನೊಗಲಿ ಮೀನಿನ ಮರಿಗಳ ತೊಟ್ಟಿಲು. ಕಾಂಡ್ಲಾದ ಉಸಿರುಬೇರುಗಳ ಮೇಲೆ ಕೆಸರು ಮೆತ್ತಿಕೊಂಡರೆ ಅವುಗಳ ರಂಧ್ರ ಮುಚ್ಚಿ ಗಿಡವೂ ಸೊರಗುತ್ತದೆ.

ಬೆಳಚು ಓಡಿಹೋಗುವ ಜೀವಿಯಲ್ಲ. ಕೂತಲ್ಲೇ ನೀರು ಸೋಸಿ ತಿನ್ನುತ್ತದೆ, ನೀರಿನಲ್ಲಿದ್ದ ರೋಗಾಣುಗಳನ್ನು ಮೈಯೊಳಗೆ ಕೂಡಿಹಾಕುತ್ತದೆ. ಶುದ್ಧ ಸಮುದ್ರದ ನೀರಿನಲ್ಲಿ ಒಂದೆರಡು ದಿನ ಇಟ್ಟರೆ ಬ್ಯಾಕ್ಟೀರಿಯಾ ಬಹಳಷ್ಟು ಇಳಿಯುತ್ತದೆ, ಕಾಮಾಲೆ ತರುವ ಹೆಪಟೈಟಿಸ್ ಎ ವೈರಸ್ ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ನೇರವಾಗಿ ತಿನ್ನಲು ಮಾರುವ ಚಿಪ್ಪುಜೀವಿಗೆ ಯುರೋಪಿನವರು ಇಟ್ಟ ಮಿತಿ 100 ಗ್ರಾಂ ಮಾಂಸಕ್ಕೆ 230 ಇ. ಕೋಲಿ (ಮಲದ ಬ್ಯಾಕ್ಟೀರಿಯಾ). ಕುಮಟಾ ಪೇಟೆಯಲ್ಲಿ ಬೆಳಚು ಮಾರುವವರಿಗೆ ಅಳೆದು ತೋರಿಸುವ ಅನುಕೂಲವಿಲ್ಲ. ಒಮ್ಮೆ ಸುದ್ದಿ ಹಬ್ಬಿದರೆ ಕೊಳ್ಳುವವರೇ ಇರುವುದಿಲ್ಲ, ಆ ನಷ್ಟ ನಿಮ್ಮ ಬಿಲ್ಲಿನಲ್ಲಿ ಬರುವುದೂ ಇಲ್ಲ.

ನಾವು ಗಲಾಟೆ ಮಾಡಿದ ಮೇಲೆ ನಿಮ್ಮವರು ಬಂದು ಅದೇ ಜಾಗದಲ್ಲಿ ಬ್ಲೀಚಿಂಗ್ ಪುಡಿ ಎರಚಿ ಹೋಗಿದ್ದಾರೆ. ಇದು ಎರಡನೇ ಅಪರಾಧ. ಇಷ್ಟು ಸಾವಯವ ಕೆಸರಿದ್ದಲ್ಲಿ ಕ್ಲೋರಿನ್ ಮೇಲ್ಮೈಯಲ್ಲೇ ಖರ್ಚಾಗಿ ಹೋಗುತ್ತದೆ. ಅಮೋನಿಯಾ ಜೊತೆ ಸೇರಿ ಆಗುವ ಕ್ಲೋರಮೈನ್ ಮೀನಿಗೂ ಮರಿಗಳಿಗೂ ವಿಷ. ಒಳಗಿನ ರೋಗಾಣು ಹಾಗೇ ಇದೆ, ಸತ್ತದ್ದು ಏಡಿ. ಸುಣ್ಣವನ್ನೂ ಫಿನಾಯಿಲನ್ನೂ ದಯವಿಟ್ಟು ತರಬೇಡಿ.

ನಿಮ್ಮಿಂದ ಆಗಬೇಕಾದದ್ದು ಇದು. ಇಳಿತದ ಹೊತ್ತಿನಲ್ಲಿ ಬೂಟು, ಕೈಗವಸು ಹಾಕಿದ ಕೆಲಸದವರು ಕೈಸಲಿಕೆಯಿಂದ, ಬೇರು ಕಡಿಯದೆ, ಮೇಲಿನ ಕೆಸರನ್ನು ಎತ್ತಿ ಮುಚ್ಚಳವಿರುವ ಡ್ರಮ್ಮಿಗೆ ತುಂಬಿ ಘಟಕಕ್ಕೆ ಒಯ್ಯಬೇಕು. ಜೆಸಿಬಿ ಬೇಡ, ನೀರು ಹಾಯಿಸಿ ತೊಳೆಯುವುದೂ ಬೇಡ. ಆಮೇಲೆ ಹಳ್ಳದ ನೀರು, ಕೆಸರು, ಬೆಳಚು ಮೂರನ್ನೂ ಊರವರ ಎದುರಿಗೆ ಕ್ರಿಮಿರಹಿತ ಬಾಟಲಿ, ಚೀಲಗಳಲ್ಲಿ ತೆಗೆದು, ಐಸ್ ಪೆಟ್ಟಿಗೆಯಲ್ಲಿಟ್ಟು ಅದೇ ದಿನ ಮಾನ್ಯತೆ ಪಡೆದ ಪ್ರಯೋಗಾಲಯಕ್ಕೆ ಮುಟ್ಟಿಸಬೇಕು. ಖರ್ಚು ನಿಮ್ಮದು. ಜೊತೆಗೆ ಈ ವರ್ಷ ನಮ್ಮೂರಿನಿಂದ ಎತ್ತಿದ ಪ್ರತಿ ಟ್ಯಾಂಕರಿನ ವಿಲೇವಾರಿ ರಸೀದಿ ಮತ್ತು ಜಿಪಿಎಸ್ ದಾಖಲೆ ಬೇಕು.

ಏಳು ದಿನ ಕೊಟ್ಟಿದ್ದೇವೆ. ಎಂಟನೇ ದಿನ ಈ ಪತ್ರ, ಚಿತ್ರಗಳು ಮತ್ತು ನಿಮ್ಮ ಬಿಲ್ಲು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೂ ಜಿಲ್ಲಾಧಿಕಾರಿಗಳಿಗೂ ತಲುಪುತ್ತವೆ. ನಿಮ್ಮ ಗಾಡಿಯ ಪರವಾನಗಿ ರದ್ದು ಮಾಡಲು ಸ್ಥಳೀಯ ಸಂಸ್ಥೆಗೆ ಬೇರೆ ಅರ್ಜಿ ಸಿದ್ಧವಿದೆ. ಅದಕ್ಕೂ ಬಗ್ಗದಿದ್ದರೆ ಹಸಿರು ನ್ಯಾಯಮಂಡಳಿಯ ಚೆನ್ನೈ ಪೀಠಕ್ಕೆ ಹೋಗಿ, 2010ರ ಕಾಯ್ದೆಯ 15ನೇ ಕಲಮಿನಡಿ ಹಳ್ಳವನ್ನು ಮೊದಲಿನಂತೆ ಮಾಡುವ ವೆಚ್ಚವನ್ನೂ ಬೆಳಚಿನವರ ನಷ್ಟವನ್ನೂ ನಿಮ್ಮಿಂದಲೇ ಕೇಳುತ್ತೇವೆ. ಮೇಲ್ವಿಚಾರಕರ ಮಾತುಗಳನ್ನು ಅಲ್ಲಿಯೂ ಹೀಗೆಯೇ, ಒಂದಕ್ಷರ ಬಿಡದೆ ಓದುತ್ತೇವೆ.

ಇಂತಿ,
ಸಮುಚ್ಚಯದ ನಿವಾಸಿಗಳು ಮತ್ತು ಬೆಳಚು ಆರಿಸುವ ಕುಟುಂಬಗಳ ಪರವಾಗಿ

ಲಗತ್ತು: ಚಿತ್ರಗಳು, ಬಿಲ್ಲಿನ ಪ್ರತಿ