ಬಾಗಿಲ ಚೌಕಟ್ಟಿನ ಗೆರೆ

ಬ್ರಿಸ್ಬೇನ್
ಭಾನುವಾರ ರಾತ್ರಿ

ಪ್ರೀತಿಯ ಅವ್ವ,

ಇಲ್ಲಿ ನಾವು ಮೂವರೂ ಕ್ಷೇಮ. ಅಪ್ಪಾಜಿಗೆ ನನ್ನ ನಮಸ್ಕಾರ ತಿಳಿಸು. ನಿನ್ನೆ ಫೋನಿನಲ್ಲಿ ಮಾತು ಶುರುವಾಗುವಷ್ಟರಲ್ಲಿ ಹಾಲಿನವನು ಬಂದ. ಆಮೇಲೆ ಪಕ್ಕದ ಮನೆಯ ಆಂಟಿ ಬಂದರು. ಆಮೇಲೆ ನಿನ್ನ ಸಾರು ಉಕ್ಕಿತು. ನಿನ್ನ ಜೊತೆ ಫೋನಿನಲ್ಲಿ ಒಂದು ವಿಷಯ ಕೊನೆ ಮುಟ್ಟಿಸುವುದು ಈ ಜನ್ಮದಲ್ಲಿ ಆಗುವ ಕೆಲಸವಲ್ಲ. ಅದಕ್ಕೇ ಕೂತು ಬರೆಯುತ್ತಿದ್ದೇನೆ. ಕನ್ನಡಕ ಹಾಕಿಕೊಂಡು ನೀನೇ ಓದು. ತಮ್ಮನ ಕೈಲಿ ಓದಿಸಬೇಡ, ಅವನು ಬೇಕಾದ್ದನ್ನು ಮಾತ್ರ ಓದಿ ಮಿಕ್ಕಿದ್ದನ್ನು ಹಾರಿಸಿಬಿಡುತ್ತಾನೆ.

ನಿನ್ನ ಮೂಳೆ ಪರೀಕ್ಷೆಯ ರಿಪೋರ್ಟಿನ ಫೋಟೋ ನೋಡಿದೆ. ಬೆನ್ನುಮೂಳೆ ಮೈನಸ್ 2.7, ಸೊಂಟದ ಕೀಲು ಮೈನಸ್ 2.1. ಹರೆಯದ ಹೆಂಗಸರ ಮೂಳೆಗೆ ಹೋಲಿಸಿ ಕೊಡುವ ಅಂಕ ಇದು. ಮೈನಸ್ 1ರ ತನಕ ಚಿಂತೆ ಇಲ್ಲ. ಅಲ್ಲಿಂದ ಮೈನಸ್ 2.5ರ ತನಕ ಮೂಳೆ ತೆಳುವಾಗುತ್ತಿದೆ ಅಂತ. 2.5 ಮುಟ್ಟಿದರೆ ಆಸ್ಟಿಯೋಪೊರೋಸಿಸ್, ಅಂದರೆ ಮೂಳೆ ಸವೆತದ ಕಾಯಿಲೆ. ನೀನು ಗೆರೆ ದಾಟಿದ್ದೀಯ, ಆದರೆ ತುಂಬಾ ದೂರ ಹೋಗಿಲ್ಲ. ಮೊದಲು ಕ್ಯಾಂಪಿನಲ್ಲಿ ಹಿಮ್ಮಡಿ ಇಟ್ಟು ನೋಡಿದರಲ್ಲ, ಆ ಚೀಟಿಯನ್ನು ಮರೆತುಬಿಡು. ಅದು ಬರೀ ಅನುಮಾನ ಹೇಳುತ್ತದೆ. ಲೆಕ್ಕಕ್ಕೆ ಬರುವುದು ಈಗ ಮಾಡಿಸಿದ, ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್. ಮುಂದಿನ ಸಲವೂ ಅದೇ ಮೆಷಿನ್ನಿನಲ್ಲೇ ಮಾಡಿಸು. ಎರಡು ಬೇರೆ ತಕ್ಕಡಿಯಲ್ಲಿ ತೂಗಿದ ಅಡಿಕೆಯ ಲೆಕ್ಕ ಎಂದಾದರೂ ತಾಳೆಯಾಗುತ್ತದಾ?

ನಿನಗೆ 61ಕ್ಕೇ ಯಾಕೆ ಹೀಗಾಯಿತು ಅಂತ ಅಪ್ಪಾಜಿ ಕೇಳುತ್ತಿದ್ದರಂತೆ. ನನಗೆ ಒಂದು ಅನುಮಾನ ಇದೆ. ನಿನಗೆ 41 ಆದಾಗ ಗರ್ಭಕೋಶ ತೆಗೆಸಿದೆವಲ್ಲ, ಆಗ ಅಂಡಾಶಯವನ್ನೂ ತೆಗೆದರಾ? ಬೀರುವಿನ ಕೆಳಗಿನ ಖಾನೆಯಲ್ಲಿ ಆ ಹಳೇ ಫೈಲ್ ಇರಬೇಕು, ನೋಡು. ಅಂಡಾಶಯ ಹೋದರೆ ಈಸ್ಟ್ರೋಜೆನ್ ಅನ್ನುವ ಹಾರ್ಮೋನ್ ಥಟ್ಟನೆ ಇಳಿದುಹೋಗುತ್ತದೆ. ಮೂಳೆಯನ್ನು ಕಾಯುವುದು ಅದೇ. ಮುಟ್ಟು ತಾನಾಗಿ ನಿಲ್ಲುವ ಹೆಂಗಸರಿಗೂ ಮೊದಲ ಕೆಲವು ವರ್ಷ ಮೂಳೆ ಬೇಗ ಸವೆಯುತ್ತದೆ. ನಿನಗೆ ಆ ಸವೆತ ಎಷ್ಟೋ ವರ್ಷ ಮುಂಚೆಯೇ ಶುರುವಾಗಿರಬಹುದು. ಅವತ್ತು ಹೊಲಿಗೆ ಬಿಚ್ಚಿ, ಭಾರ ಎತ್ತಬೇಡಿ ಅಂತ ಹೇಳಿ ಕಳಿಸಿದರು. ಮೂಳೆಯ ಬಗ್ಗೆ ಯಾರೂ ಒಂದು ಮಾತು ಹೇಳಲಿಲ್ಲ. ನೀನು ಇವತ್ತಿನ ತನಕ ಆ ಒಂದು ಮಾತನ್ನೇ ಹಿಡಿದುಕೊಂಡು ಭಾರ ಎತ್ತದೆ ಕೂತಿದ್ದೀಯ!

ಈಗ ಡಾಕ್ಟರ್ ಬರೆದುಕೊಟ್ಟ ಮೂಳೆ ಮಾತ್ರೆಯ ವಿಷಯ. ಬೇಡ ಅಂದದ್ದು ನಿನ್ನ ಇಷ್ಟ. ಆದರೆ ಚಿಕ್ಕಮ್ಮನ ಕಥೆ ಕೇಳಿ ಬೇಡ ಅನ್ನಬೇಡ. ವಾರಕ್ಕೊಂದು ಸಲದ ಆ ಮಾತ್ರೆಯನ್ನು ಖಾಲಿ ಹೊಟ್ಟೆಯಲ್ಲಿ ಒಂದು ಲೋಟ ತುಂಬಾ ಬರೀ ನೀರಿನ ಜೊತೆ ನುಂಗಿ, ಅರ್ಧ ಗಂಟೆ ನೆಟ್ಟಗೆ ಕೂರಬೇಕು. ಚಿಕ್ಕಮ್ಮ ಎರಡು ಗುಟುಕು ಕಾಫಿಯಲ್ಲಿ ನುಂಗಿ ಮತ್ತೆ ಮಲಗಿಕೊಂಡರು. ಗಂಟಲು, ಎದೆ ಉರಿಯದೆ ಇನ್ನೇನಾಗುತ್ತದೆ? ದವಡೆ ಮೂಳೆ ಕೊಳೆಯುತ್ತದೆ ಅಂತ ವಾಟ್ಸಾಪಿನಲ್ಲಿ ಬಂದದ್ದು ಪೂರ್ತಿ ಸುಳ್ಳಲ್ಲ. ಆದರೆ ಮೂಳೆ ಸವೆತಕ್ಕೆ ಕೊಡುವ ಪ್ರಮಾಣದಲ್ಲಿ ಅದು ಬಹಳ ಅಪರೂಪ. ಹಾಗಾಗಿ ನನ್ನ ಷರತ್ತು ಇಷ್ಟು. ಒಂದು ವರ್ಷ ಮಾತ್ರೆ ಇಲ್ಲದೆ ನೋಡೋಣ, ಅದನ್ನು ಡಾಕ್ಟರ್‌ಗೆ ಮುಖ ಕೊಟ್ಟು ಹೇಳು. ಚೀಟಿಯನ್ನು ಪರ್ಸಿನಲ್ಲಿ ಮಡಚಿಟ್ಟುಕೊಂಡು 'ತಗೊಳ್ತಿದ್ದೀನಿ' ಅನ್ನಬೇಡ. ನಡುವೆ ಒಂದು ಮೂಳೆ ಮುರಿದರೆ ಅಥವಾ ಬೆನ್ನಿನ ಯಾವುದಾದರೂ ಮೂಳೆ ಈಗಾಗಲೇ ಕುಸಿದಿದ್ದರೆ ಷರತ್ತು ರದ್ದು. ಆಮೇಲೆ ನಾನು ನಿನ್ನ ಪರ ಮಾತಾಡುವುದಿಲ್ಲ.

ಮಾತ್ರೆ ಬೇಡ ಅಂದರೆ ಅದರ ಜಾಗದಲ್ಲಿ ಬೇರೆ ಕೆಲಸ ಇರಬೇಕಲ್ಲ. 'ದಿನಾ ಕುಂದವಾಡ ಕೆರೆ ಸುತ್ತುತ್ತೀನಲ್ಲ' ಅಂದೆ. ಸುತ್ತು, ಹೃದಯಕ್ಕೆ ಒಳ್ಳೆಯದು, ಶುಗರಿಗೂ ಒಳ್ಳೆಯದು, ಹರಟೆಗಂತೂ ಇನ್ನೂ ಒಳ್ಳೆಯದು. ಆದರೆ 20 ವರ್ಷದಿಂದ ನಡೆಯುತ್ತಿದ್ದೀಯ, ನಿನ್ನ ಮೂಳೆಗೆ ಆ ಭಾರ ಹಳೇದಾಗಿದೆ. ಹೊಸ ಭಾರ ಬಿದ್ದರೆ ತಾನೇ ಅದು ಗಟ್ಟಿಯಾಗಬೇಕು ಅಂದುಕೊಳ್ಳುವುದು.

ಇದನ್ನು ನಾನು ಪುಸ್ತಕ ಓದಿ ಹೇಳುತ್ತಿಲ್ಲ, ಕಣ್ಣಾರೆ ಕಂಡೆ. ನಮ್ಮ ಪಕ್ಕದ ಮನೆಯಲ್ಲಿ ಒಬ್ಬ ಅಜ್ಜಿ ಇದ್ದಾರೆ, 68 ವರ್ಷ. ಇಲ್ಲಿ ಅಜ್ಜಿಯನ್ನೂ ಹೆಸರು ಹಿಡಿದೇ ಕರೆಯುತ್ತಾರೆ, ನನಗೆ ಇನ್ನೂ ಬಾಯಿ ಬರುವುದಿಲ್ಲ. ಅವರದೂ ನಿನ್ನದೇ ರಿಪೋರ್ಟ್. ಕಳೆದ ತಿಂಗಳು ಅವರ ಜೊತೆ ಭಾರ ಎತ್ತುವ ಕ್ಲಾಸಿಗೆ ಹೋಗಿದ್ದೆ. ಕೈಗೆ ಸುಣ್ಣದಂಥ ಬಿಳಿ ಪುಡಿ ಉಜ್ಜಿಕೊಂಡರು. ನೆಲದ ಮೇಲೆ ಕಬ್ಬಿಣದ ಸರಳು, ಎರಡೂ ಕಡೆ ಗಾಲಿಯಂಥ ತೂಕ. ಒಟ್ಟು 40 ಕೆಜಿ ಅಂದರೆ ನೀನು ನಂಬುವುದಿಲ್ಲ. ಸರಳು ಮೊಣಕಾಲ ಕೆಳಗಿನ ಎಲುಬಿಗೆ ತಾಗುವಷ್ಟು ಹತ್ತಿರ ನಿಂತರು. ಬೆನ್ನು ಹಲಗೆಯ ಹಾಗೆ ನೇರ. ಬಾಗಿದ್ದು ಸೊಂಟದ ಕೀಲಿನಲ್ಲಿ ಮಾತ್ರ, ಕುಂಡೆ ಹಿಂದಕ್ಕೆ ಹೋಯಿತು. ಉಸಿರು ಹಿಡಿದು ಎತ್ತಿದರು. ಕೈಯ ನರ ಎದ್ದು ಕಂಡವು, ಮುಖ ಕೆಂಪಾಯಿತು. ಇಳಿಸಿದಾಗ ರಬ್ಬರ್ ಹಾಸಿನ ಮೇಲೆ ಧಬ್ ಅಂತ ಸದ್ದು. ಐದು ಸಲ ಎತ್ತಿ, ಕೂತು, ನೀರು ಕುಡಿದು, ಮತ್ತೆ ಐದು ಸಲ. ನನಗೆ ಮನೆಯ ಹಿತ್ತಲಲ್ಲಿ ನೀನು ನಲ್ಲಿಯಿಂದ ಕೊಡ ಎತ್ತುತ್ತಿದ್ದದ್ದು ನೆನಪಾಯಿತು. ಮನೆಗೆ ಮೋಟರ್ ಬಂತು, ಮಿಕ್ಸಿ ಬಂತು, ನಿನ್ನ ಮೂಳೆಗೆ ಇದ್ದ ಕೆಲಸ ಹೋಯಿತು. ಒರಳನ್ನು ವಾಪಸ್ ತರಿಸು ಅಂತಲ್ಲ ಮತ್ತೆ. ಆಗ ರಾತ್ರಿ ನೀನು ಬೆನ್ನಿಗೆ ಎಣ್ಣೆ ಹಚ್ಚಿಸಿಕೊಳ್ಳುತ್ತಿದ್ದದ್ದೂ ನೆನಪಿದೆ.

ಇದೇ ಊರಿನ ಹತ್ತಿರ, ಗೋಲ್ಡ್ ಕೋಸ್ಟಿನಲ್ಲಿ, ಗ್ರಿಫಿತ್ ವಿಶ್ವವಿದ್ಯಾಲಯದ ಬೆಲಿಂಡಾ ಬೆಕ್ ಮತ್ತು ಅವರ ಜೊತೆಯವರು ಇದನ್ನು ಪರೀಕ್ಷೆ ಮಾಡಿ 2018ರಲ್ಲಿ ಪ್ರಕಟಿಸಿದರು. ಮುಟ್ಟು ನಿಂತ, ಮೂಳೆ ತೆಳುವಾದ 101 ಹೆಂಗಸರು. ಅರ್ಧ ಜನ ವಾರಕ್ಕೆ ಎರಡು ದಿನ, ಅರ್ಧರ್ಧ ಗಂಟೆ, 8 ತಿಂಗಳು ಹೀಗೆ ಭಾರ ಎತ್ತಿದರು, ಮೇಲಿಂದ ಧುಮುಕಿ ಇಳಿದರು. ಉಳಿದವರು ಮನೆಯಲ್ಲೇ ಹಗುರ ವ್ಯಾಯಾಮ ಮಾಡಿದರು. ಎತ್ತಿದವರ ಬೆನ್ನುಮೂಳೆಯ ಸಾಂದ್ರತೆ ಸರಾಸರಿ 2.9 ಪರ್ಸೆಂಟ್ ಏರಿತು, ಹಗುರದವರದು 1.2 ಇಳಿಯಿತು. ಬರೀ 3 ಪರ್ಸೆಂಟಾ ಅಂತೀಯ, ಗೊತ್ತು. ನಿನ್ನ ಲೆಕ್ಕದಲ್ಲಿ ಅದು ಮೈನಸ್ 2.7 ಇದ್ದದ್ದು 2.5ರ ಆಸುಪಾಸಿಗೆ ಬಂದ ಹಾಗೆ. 'ಮೂರು ತಿಂಗಳಲ್ಲಿ ಮೂಳೆ ಉಕ್ಕು' ಅಂತ ಡಬ್ಬಿ ಪುಡಿ ಮಾರುವವರ ಮುಂದೆ ಇದು ಸಪ್ಪೆ ಅನ್ನಿಸುತ್ತದೆ. ಆದರೆ ಇಳಿಯುತ್ತಿದ್ದದ್ದು ನಿಂತಿತಲ್ಲ, ಅದೇ ದೊಡ್ಡದು. ಕಾಲಿಗೆ ಬಲ ಬಂದರೆ ಬೀಳುವುದೂ ಕಡಿಮೆ. ಬೀಳದಿದ್ದರೆ ಸೊಂಟ ಯಾಕೆ ಮುರಿಯುತ್ತದೆ?

ಆದರೆ ಆ ಹೆಂಗಸರ ಪಕ್ಕ ತಿಳಿದವರು ನಿಂತಿದ್ದರು. ನೀನು ಯೂಟ್ಯೂಬ್ ನೋಡಿ ನಾಳೆ ಬೆಳಿಗ್ಗೆ ಅಕ್ಕಿ ಮೂಟೆಗೆ ಕೈ ಹಾಕಬೇಡ. ದಾವಣಗೆರೆಯಲ್ಲಿ ಮೆಡಿಕಲ್ ಕಾಲೇಜುಗಳಿವೆ, ಫಿಸಿಯೋಥೆರಪಿ ಕಲಿತವರಿಗೇನು ಬರವಿಲ್ಲ. ಮೊದಲ ಎರಡು ತಿಂಗಳು ಅವರ ಹತ್ತಿರ ಕಲಿ. ಅಲ್ಲಿಯ ತನಕ ಮನೆಯಲ್ಲಿ ಇಷ್ಟು ಮಾಡು. ಕೈ ಊರದೆ ಕುರ್ಚಿಯಿಂದ ಏಳು, ಕೂರು, ಹತ್ತು ಸಲ. ಅಡುಗೆ ಕಟ್ಟೆ ಹಿಡಿದು ತುದಿಗಾಲಲ್ಲಿ ಎದ್ದು ನಿಧಾನವಾಗಿ ಇಳಿ. ಹಾಲು ಕಾಯುವ ತನಕ ಕಟ್ಟೆ ಹಿಡಿದು ಒಂಟಿ ಕಾಲಲ್ಲಿ ನಿಲ್ಲು. (ಹಾಲು ಉಕ್ಕಿಸಿದರೆ ನನ್ನನ್ನು ಬೈಯಬೇಡ.) ಆಮೇಲೆ ಐದು ಕೆಜಿ ಅಕ್ಕಿ ಚೀಲವನ್ನು ಆ ಅಜ್ಜಿಯ ಹಾಗೆ ಎತ್ತುವುದು.

ಯೋಗದ ಮೇಡಂಗೆ ರಿಪೋರ್ಟ್ ತೋರಿಸು. ಪಶ್ಚಿಮೋತ್ತಾನಾಸನ, ಹಲಾಸನ ನಿನಗೆ ಇನ್ನು ಬೇಡ. ಬೆನ್ನನ್ನು ಬಿಲ್ಲಿನ ಹಾಗೆ ಮುಂದಕ್ಕೆ ಬಗ್ಗಿಸಿದರೆ ತೆಳು ಮೂಳೆಯ ಮುಂಭಾಗ ಜಜ್ಜಿಹೋಗಬಹುದು. ರಂಗೋಲಿ ಹಾಕುವಾಗಲೂ ಅದೇ. ನಿಂತು ಬಗ್ಗಬೇಡ, ಚಿಕ್ಕ ಮಣೆ ಹಾಕಿಕೊಂಡು ಬೆನ್ನು ನೇರ ಇಟ್ಟು ಕೂತು ಹಾಕು.

ಊಟದ ವಿಷಯಕ್ಕೆ ಬಂದರೆ ನನಗೆ ನಗು ಬರುತ್ತದೆ, ಸಿಟ್ಟೂ ಬರುತ್ತದೆ. ಹಿರಿಯೂರಿನ ಕಡೆಯಿಂದ ಮುದ್ದೆ ಉಂಡು ಬೆಳೆದವಳು ನೀನು. ಮದುವೆಯಾಗಿ ಬಂದಾಗ ಈ ಮನೆಯಲ್ಲಿ ಜೋಳದ ರೊಟ್ಟಿ. 'ಮುದ್ದೆ ನಮ್ಮ ಮನೆಯಲ್ಲಿ ಯಾರೂ ಉಣ್ಣಲ್ಲ' ಅಂತ ಅಜ್ಜಿ ಒಂದು ಮಾತು ಅಂದರು, ನೀನು 38 ವರ್ಷ ಮುದ್ದೆ ಕೋಲನ್ನೇ ಮುಟ್ಟಲಿಲ್ಲ. 100 ಗ್ರಾಂ ರಾಗಿಯಲ್ಲಿ ಹತ್ತಿರ ಹತ್ತಿರ 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಅಷ್ಟೇ ಜೋಳದಲ್ಲಿ 30 ಕೂಡ ಇಲ್ಲ! ನಿನ್ನ ವಯಸ್ಸಿಗೆ ದಿನಕ್ಕೆ 1200 ಬೇಕು. ಮಧ್ಯಾಹ್ನ ಒಂದು ಮುದ್ದೆ, ಎರಡು ಲೋಟ ಹಾಲು, ಒಂದು ಬಟ್ಟಲು ಮೊಸರು, ನುಗ್ಗೆ ಸೊಪ್ಪಿನ ಸಾರು, ಒಂದು ಚಮಚ ಎಳ್ಳು ಚಟ್ನಿಪುಡಿ. ಹತ್ತಿರ ಬಂತಲ್ಲ! ರಾಗಿಯ ಕ್ಯಾಲ್ಸಿಯಂ ಪೂರ್ತಿ ಮೈಗೆ ಹತ್ತುವುದಿಲ್ಲ, ಮೊಳಕೆ ಕಟ್ಟಿ ಹಿಟ್ಟು ಮಾಡಿಸಿದರೆ ಸ್ವಲ್ಪ ಜಾಸ್ತಿ ಸಿಗುತ್ತದೆ. ಅಪ್ಪಾಜಿ ರೊಟ್ಟಿ ಉಣ್ಣಲಿ, ಅವರಿಗೆ ಯಾರೂ ಬೇಡ ಅನ್ನುವುದಿಲ್ಲ. ನಿನ್ನ ಮುದ್ದೆ ನಿನಗೆ. ಜೊತೆಗೆ ಕಾಳು, ಮೊಟ್ಟೆ ಬಿಡಬೇಡ, ಮೂಳೆಗೆ ಪ್ರೋಟೀನೂ ಬೇಕು. ಎಲೆಗೆ ಸುಣ್ಣ ಹಚ್ಚಿಕೊಳ್ಳುತ್ತೀನಲ್ಲ, ಅದೂ ಕ್ಯಾಲ್ಸಿಯಮ್ಮೇ ಅಂತ ವಾದ ಮಾಡಿದೆ. ಅಷ್ಟು ಸುಣ್ಣ ಹಚ್ಚಿಕೊಂಡರೆ ಬಾಯಿ ಬೇಯುತ್ತದೆ ಅಷ್ಟೇ. ಉಪ್ಪಿನಕಾಯಿ ಕಡಿಮೆ ಮಾಡು, ಉಪ್ಪು ಜಾಸ್ತಿಯಾದರೆ ಕ್ಯಾಲ್ಸಿಯಂ ಮೂತ್ರದಲ್ಲಿ ಹೋಗುತ್ತದೆ.

ಬಿಸಿಲಿಗೆ ನಮ್ಮೂರಲ್ಲಿ ಬರವೇ? ಆದರೂ ನಿನಗೆ ಡಿ ವಿಟಮಿನ್ ಕಮ್ಮಿ. ಬೆಳಗಿನ ಎಳೆ ಬಿಸಿಲಲ್ಲಿ ಅದು ಅಷ್ಟಾಗಿ ಸಿಗುವುದಿಲ್ಲ. ನಿನ್ನ ನೆರಳು ನಿನಗಿಂತ ಗಿಡ್ಡ ಇರುವ ಹೊತ್ತಿಗೆ ಹಪ್ಪಳ ಒಣಗಿಸುವ ನೆಪದಲ್ಲಿ ಸ್ವಲ್ಪ ಹೊತ್ತು ಮಾಳಿಗೆ ಹತ್ತು, ತೋಳಿಗೆ ಬಿಸಿಲು ಬೀಳಲಿ. ಅವರು ಕೊಟ್ಟ 60,000 ಯೂನಿಟ್ಟಿನ ಪೊಟ್ಟಣವನ್ನು ಹೇಳಿದಷ್ಟು ವಾರ ಮಾತ್ರ ತಗೋ. ಒಳ್ಳೆಯದು ಅಂತ ನೀನೇ ಅಂಗಡಿಯಿಂದ ತರಿಸಿ ಮುಂದುವರಿಸಬೇಡ, ಜಾಸ್ತಿಯಾದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರುತ್ತದೆ.

ಇನ್ನೊಂದು ಮುಖ್ಯ ವಿಷಯ. ನಿನ್ನ ಥೈರಾಯ್ಡ್ ಮಾತ್ರೆ. ಥೈರಾಯ್ಡಿನ ರಕ್ತ ಪರೀಕ್ಷೆ, ಟಿಎಸ್‌ಎಚ್, ಮಾಡಿಸಿ ಎಷ್ಟು ವರ್ಷವಾಯಿತು? ಆ ಮಾತ್ರೆ ಬೇಕಾದದ್ದಕ್ಕಿಂತ ಜಾಸ್ತಿಯಾದರೆ ಅದೇ ಮೂಳೆ ತಿನ್ನುತ್ತದೆ. ಈ ವಾರವೇ ಮಾಡಿಸು. ಕ್ಯಾಲ್ಸಿಯಂ ಮಾತ್ರೆ ತಗೊಂಡರೆ ಥೈರಾಯ್ಡ್ ಮಾತ್ರೆಗೂ ಅದಕ್ಕೂ ನಾಲ್ಕು ಗಂಟೆ ಅಂತರ ಇರಲಿ. ದಿನಾ ಬೆಳಿಗ್ಗೆ ನುಂಗುವ ಗ್ಯಾಸಿನ ಮಾತ್ರೆ ಇನ್ನೂ ಬೇಕಾ ಅಂತಲೂ ಕೇಳು. 'ಮಾತ್ರೆ ಬೇಡ' ಅನ್ನುವವಳು ಅದನ್ನು ಮಾತ್ರ ವರ್ಷಗಟ್ಟಲೆ ನುಂಗುತ್ತಿದ್ದೀಯ, ಅಲ್ವಾ?

ತಮ್ಮನಿಗೆ ಬೇರೆ ಮೆಸೇಜ್ ಹಾಕಿದ್ದೇನೆ. ಬಚ್ಚಲಲ್ಲಿ ಹಿಡಿಕೆ ಹಾಕಿಸಬೇಕು, ಹಿತ್ತಲ ಮೆಟ್ಟಿಲ ಪಾಚಿ ಉಜ್ಜಿಸಬೇಕು, ರಾತ್ರಿ ಓಡಾಡುವ ದಾರಿಯಲ್ಲಿ ಚಿಕ್ಕ ದೀಪ ಇರಬೇಕು.

ಈ ಎಲ್ಲಕ್ಕಿಂತ ಮುಂಚೆ ಒಂದು ಕೆಲಸ ಇದೆ. ಕಳೆದ ಸಲ ನಾನು ಬಂದಾಗ ನೀನು ಸೀರೆಯನ್ನು ಪದೇ ಪದೇ ಮೇಲಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದೆ. ನೆರಿಗೆ ನೆಲ ಗುಡಿಸುತ್ತಿತ್ತು. ಸೀರೆಯ ಅಗಲ ಜಾಸ್ತಿ ಅಂತ ನಾನು ಅಂಗಡಿಯವನನ್ನು ಬೈದೆ. ನಾಗಂದಿಗೆ ಮೇಲಿನ ಡಬ್ಬಿ ತೆಗೆಯಲು ನೀನು ಸ್ಟೂಲ್ ಹತ್ತಿದ್ದನ್ನೂ ನೋಡಿದೆ. ಮುಂಚೆ ನಿನಗೆ ಅದು ಕೈಗೆ ಎಟುಕುತ್ತಿತ್ತು. ನೋಡಿಯೂ ನನಗೆ ಹೊಳೆಯಲಿಲ್ಲ. ನೀನು ಗಿಡ್ಡವಾಗಿದ್ದೀಯ ಅಂತ ಆ ರಿಪೋರ್ಟ್ ಬಂದ ರಾತ್ರಿ ಹೊಳೆಯಿತು, ನಿದ್ದೆ ಬರಲಿಲ್ಲ.

ನಡುಮನೆ ಬಾಗಿಲ ಚೌಕಟ್ಟಿನಲ್ಲಿ ಅಪ್ಪಾಜಿ ನಮ್ಮ ಎತ್ತರ ಗುರುತು ಹಾಕುತ್ತಿದ್ದರಲ್ಲ. ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ ಒಂದು ಯುಗಾದಿ ದಿನ ನಾವಿಬ್ಬರೂ ಹಟ ಮಾಡಿ ನಿನ್ನನ್ನೂ ನಿಲ್ಲಿಸಿದ್ದೆವು. ನೀನು ಬೇವು ಬೆಲ್ಲದ ಕೈಯಲ್ಲೇ ನಗುತ್ತಾ ನಿಂತೆ. ಪೇಂಟ್ ಮಾಡಿಸಿದಾಗಲೂ ಅಪ್ಪಾಜಿ ಆ ಜಾಗ ಬಿಡಿಸಿದ್ದರು, ಗೆರೆ ಇನ್ನೂ ಇದೆ. ನಾಳೆ ಬೆಳಿಗ್ಗೆ ಎದ್ದ ತಕ್ಷಣ ಬರಿಗಾಲಲ್ಲಿ ಅಲ್ಲಿ ನಿಲ್ಲು. ಹಿಮ್ಮಡಿ ಚೌಕಟ್ಟಿಗೆ ತಾಗಲಿ, ತುರುಬು ಬಿಚ್ಚು, ತಲೆಯ ಮೇಲೆ ಪುಸ್ತಕ ಸಮ ಇಡಿಸು. ಹಳೇ ಗೆರೆಗೂ ಹೊಸದಕ್ಕೂ ಎಷ್ಟು ಸೆಂಟಿಮೀಟರ್ ಅಂತ ಅಪ್ಪಾಜಿ ಟೇಪ್ ಹಿಡಿದು ನೋಡಲಿ. ನಾಲ್ಕಕ್ಕಿಂತ ಜಾಸ್ತಿ ಇದ್ದರೆ ಅಕ್ಕಿ ಚೀಲ ಮುಟ್ಟಬೇಡ. ಮೊದಲು ಬೆನ್ನಿನ ಎಕ್ಸ್‌ರೇ, ಮೂಳೆ ಕುಸಿದಿದೆಯಾ ಅಂತ ಗೊತ್ತಾಗಲಿ. ಎಷ್ಟು ಬಂತು ಅಂತ ತಕ್ಷಣ ಹೇಳು. ನನಗೆ ಕೆಟ್ಟದನ್ನಿಸುತ್ತದೆ ಅಂತ ಒಂದೆರಡು ಕಡಿಮೆ ಮಾಡಿ ಹೇಳಬೇಡ.

ನಿನ್ನ ಮಗಳು

ತಾ.ಕ.: ಆ ಸ್ಟೂಲನ್ನು ಕೆಲಸದವಳಿಗೆ ಕೊಟ್ಟುಬಿಡು ಅಂತ ಬರೆಯಲು ಹೊರಟಿದ್ದೆ. ಆಮೇಲೆ ಅವಳು ಹತ್ತಿ ಬಿದ್ದರೆ? ಒಲೆಗೆ ಹಾಕು. ಡಬ್ಬಿಗಳನ್ನೆಲ್ಲ ಕೆಳಗಿನ ಸಾಲಿಗೆ ಇಳಿಸಲು ತಮ್ಮನಿಗೆ ಹೇಳಿದ್ದೇನೆ.